ಒಗೆಯುವ ಕಲ್ಲಿನ ಕೆಂಪು ನೀರು

ಹಳ್ಳಿಮೈಸೂರಿನ ಲಕ್ಕಮ್ಮ ಒಗೆದು ಹರವಿದ ಪಂಚೆಯ ಬಿಳುಪಿಗೆ ಹೊಳೆನರಸೀಪುರದ ಜನ ಕಣ್ಣಿಗೆ ಕೈ ಅಡ್ಡ ಹಿಡಿದು ನಡೆಯುತ್ತಿದ್ದರು! ಹೋಗಲಿ ಬಿಡಿ, ಇದರಲ್ಲಿ ಅರ್ಧ ಸುಳ್ಳು. ಬೇಲಿಯಾಚೆಯ ಮನೆಯವರು ಎಂದಿಟ್ಟುಕೊಳ್ಳಿ. ಆದರೆ ಯುದ್ಧಕಾಲದ ಆ ಮುಂಜಾನೆ ಅವಳು ಎಷ್ಟು ಉಜ್ಜಿದರೂ ಒಂದು ಕಲೆ ಹೋಗಲೊಲ್ಲದು... ಗಂಡ ತಿಮ್ಮಪ್ಪನ ಪಂಚೆಯ ಹಿಂಬದಿಗೆ ಲೋಳೆಯೊಡನೆ ಅಂಟಿದ ರಕ್ತ!

ಅತ್ತೆ ಬೆಟ್ಟಮ್ಮನ ಹೆಜ್ಜೆ ಕೇಳಿದ್ದೇ ಪಂಚೆಯನ್ನು ಸೀರೆಯಡಿ ತುರುಕಿದಳು. ಕಲ್ಲಿನಿಂದಿಳಿದ ಕೆಂಪು ನೀರನ್ನು ಎಲ್ಲಿ ಬಚ್ಚಿಡುವುದು?

"ಮತ್ತೆ ಆಚೆ ಆದ್ಯೇನೇ? ಒಳೀಕ್ ಬಂದು ವಾರ ಆಗಿಲ್ಲ ಕಣಮ್ಮಿ! ಮಡಿಲು ತುಂಬದಿದ್ರೂ ಇದ್ಕೇನೂ ಕಮ್ಮಿ ಇಲ್ಲ!"

"ಊ ಕಣತ್ತೆ."

ಅಷ್ಟೇ. ಚಾಪೆ, ತಟ್ಟೆ ಎತ್ತಿಕೊಂಡು ಕೊಟ್ಟಿಗೆ ಪಕ್ಕದಲ್ಲಿ ಮುಟ್ಟಾದವರು ಕೂರುವ ಮಾಡಿಗೆ ನಡೆದಳು. ತಿಮ್ಮಪ್ಪ ಆಣೆ ಹಾಕಿಸಿದ್ದ: "ಇದು ಮೂಲ ಕಣೇ, ಉಷ್ಣಕ್ಕೆ ಬಂದದೆ. ಬಾಯ್ಬಿಟ್ಟೆ ಅಂದ್ರೆ ನನ್ನಾಣೆ! ಡಾಕ್ಟ್ರು ಮುಂದೆ ಪಂಚೆ ಎತ್ತಿ ಮಲಗ್ದೆ ಅಂತ ಊರ್ಗೆ ಗೊತ್ತಾದ್ರೆ ಹೆಂಗ್ ತಲೆ ಎತ್ತಲಿ?" ಹೀಗೆ ಗಂಡನ ರಕ್ತಕ್ಕೆ ಹೆಂಡತಿ ಹೊರಗೆ ಕೂತಳು. ಕೋಲಿನಿಂದ ತಳ್ಳಿದ ಮುದ್ದೆ ತಿಂದಳು. ಒಳಗಿನ ಮಾತು, ನಗು, ಒಲೆಯ ಹೊಗೆ ಎಲ್ಲವೂ ಗೋಡೆಯಾಚೆ! ಆಗಾಗ ಗೋಡೆಯ ಮೇಲಿಂದ ಪಂಚೆಯ ಒಂದು ಒದ್ದೆ ಗಂಟು ದೊಪ್ಪನೆ ಬೀಳುತ್ತಿತ್ತು, ಒಗೆಯುವುದಕ್ಕೆ. ಗಂಡ ಅವಳೊಡನೆ ಆಡುತ್ತಿದ್ದ ಮಾತೆಂದರೆ ಅದೊಂದೇ. ವರ್ಷ ಎರಡಾಯಿತು. ಗಂಟುಗಳು ಹೆಚ್ಚಿದವು, ತಿಮ್ಮಪ್ಪ ಸೊರಗಿದ.

ಬೆಟ್ಟಮ್ಮ ಸುಮ್ಮನಿದ್ದಾಳೆಯೇ? ಅರಕಲಗೂಡಿನ ಕಡೆಯಿಂದ ಮಗನಿಗೆ ಎರಡನೆಯ ಹೆಣ್ಣು ನೋಡಿದಳು. ತಿಮ್ಮಪ್ಪ ತಲೆ ತಗ್ಗಿಸಿಕೊಂಡೇ ಇದ್ದ. ಬೇಡ ಎಂಬ ಒಂದು ಮಾತೂ ಬರಲಿಲ್ಲ! ವೀಳ್ಯದ ದಿನ ಬಂತು. ಬೀಗರಾಗುವವರು ಜಗುಲಿಯಲ್ಲಿ ಕೂತಿದ್ದರು. ಲಕ್ಕಮ್ಮ ಮಾಡಿನಿಂದ ಎದ್ದು ಬಂದು ಹಿತ್ತಿಲ ಬಾಗಿಲಲ್ಲಿ ನಿಂತಳು.

"ಥೂ, ಆಚೆ ನಿಂತ್ಕೊಳೇ ಮುಂಡೇದೇ!"

"ನಾಳೆ ಆ ಹೆಣ್ಮಗೀನೂ ನನ್ನಂಗೆ ಆಚೇನೇ ಕೂರ್ಬೇಕಾಯ್ತದೆ ಅತ್ತೆ... ಆ ರಕ್ತ ನಂದಲ್ಲ. ನಿಮ್ಮ್ ಮಗಂದು!"

ಬೆಟ್ಟಮ್ಮನ ಕೈಯ ತಟ್ಟೆಯಿಂದ ವೀಳ್ಯದೆಲೆಗಳು ನೆಲಕ್ಕೆ ಬಿದ್ದವು.

ಮರುದಿನವೇ ಇದ್ದಿಲಿನಿಂದ ಓಡುವ ಬಸ್ಸು ಹತ್ತಿ ಮೂವರೂ ಹಾಸನಕ್ಕೆ ಹೋದರು. ಡಾಕ್ಟರು ತಿಮ್ಮಪ್ಪನನ್ನು ಎಡಮಗ್ಗುಲಿಗೆ ಮಲಗಿಸಿ, ಮಂಡಿ ಎದೆಗೆ ಮಡಿಸಿ, ರಬ್ಬರಿನ ಕೈಗವಸು ತೊಟ್ಟು ಬೆರಳಿಟ್ಟು ನೋಡಿದರು. ಎಷ್ಟು ಹೊತ್ತು ಹಿಡಿದೀತು? ವೀಳ್ಯದೆಲೆಗೆ ಸುಣ್ಣ ಸವರುವಷ್ಟು ಹೊತ್ತು! ಅದಕ್ಕೆ ಹೆದರಿ ಎರಡು ವರ್ಷ!

ಹೊರಬಂದ ಡಾಕ್ಟರು ಕೇಳಿದರು: "ಬಟ್ಟೆ ಒಗೀತಿದ್ದವರು ಯಾರು? ರಕ್ತದ ಜೊತೆ ಲೋಳೆ ಇತ್ತಾ?"

"ನಾನೇ ಸಾ. ಇತ್ತು."

ಅವಳೊಬ್ಬಳನ್ನೇ ಪಕ್ಕಕ್ಕೆ ಕರೆದರು. "ಮೂಲವ್ಯಾಧಿ ಮೆತ್ತಗಿರುತ್ತಮ್ಮ, ಎಷ್ಟೋ ಸಲ ಬೆರಳಿಗೆ ಗೊತ್ತೇ ಆಗಲ್ಲ. ಇದು ಕ್ಯಾನ್ಸರ್ ಗಡ್ಡೆ, ಸೀಬೇಕಾಯಿ ಹಂಗೆ ಗಟ್ಟಿ. ಅಂಚು ಎದ್ದಿದೆ, ನಡುವೆ ಹುಣ್ಣು. ಅಲುಗಿಸಿ ನೋಡಿದೆ, ಅಲುಗಲಿಲ್ಲ. ಹಿಂದಿನ ಮೂಳೆಗೇ ಕಚ್ಚಿಕೊಂಡಿದೆ. ಮೊದಲೇ ಬಂದಿದ್ರೆ ಕೊಯ್ದು ತೆಗೀಬಹುದಿತ್ತೇನೋ... ಈಗ ಆಗಲ್ಲ. ಅವರಿಗೆ ಹೇಳೋದು ಬಿಡೋದು ನಿಮಗೆ ಬಿಟ್ಟಿದ್ದು."

ಲಕ್ಕಮ್ಮ ಆಸ್ಪತ್ರೆಯ ಕಂಬ ಹಿಡಿದು ನಿಂತಳು. ಸುತ್ತ ಅಷ್ಟು ಜನ... ಆದರೂ ಮಾಡಿನಲ್ಲಿ ಕೂತಾಗಲೂ ಅವಳು ಇಷ್ಟು ಒಂಟಿಯಾಗಿರಲಿಲ್ಲ.

ಬೆಂಚಿನಿಂದ ತಿಮ್ಮಪ್ಪ ಮೆಲ್ಲಗೆ ಕೇಳಿದ. "ಮೂಲ ತಾನೇ? ಅಂಗಂತಾನೆ ಅಂದ್ರು ತಾನೇ ಲಕ್ಕಿ?"

ಬೆಟ್ಟಮ್ಮ ಸೊಸೆಯ ಎರಡೂ ಕೈ ಹಿಡಿದುಕೊಂಡಳು. ಮದುವೆಯಾದಂದಿನಿಂದ ಹಾಗೆ ಹಿಡಿದದ್ದಿಲ್ಲ. "ನನ್ನವ್ವಾ, ಇದ್ದುದ್ದ ಇದ್ದಂಗೆ ಏಳ್ಬುಡು. ಇನ್ನ ಮುಚ್ಚಿಡ್ಬ್ಯಾಡ!"

ಒಬ್ಬನ ಕಣ್ಣು ಹೇಳಬೇಡ ಎನ್ನುತ್ತಿತ್ತು, ಇನ್ನೊಬ್ಬಳದು ಹೇಳು ಎನ್ನುತ್ತಿತ್ತು. ಲಕ್ಕಮ್ಮ ಸೆರಗು ಹೊದ್ದು, ಗಂಡನ ಪಕ್ಕ ಕೂತು, ಬಾಯಿ ತೆರೆದಳು...

ಏನಂದಳು ಅಂತೀರಿ? ಸುಮ್ಮನೆ ನನ್ನ ಮುಖ ನೋಡಬೇಡಿ. ಅವಳ ಜಾಗದಲ್ಲಿ ಒಂದು ಗಳಿಗೆ ಕೂತು, ನೀವೇ ಹೇಳಿ ನೋಡೋಣ.