ಗಾಯ ಒಣಗುವ ತನಕ

"ಅಂಟು ಒಣಗೋವರೆಗೂ ಮಾತಾಡಬೇಡಿ, ನಗಬೇಡಿ. ಗಂಟಲು ಅಲ್ಲಾಡಿದ್ರೆ ಗಾಯ ಕಿತ್ತು ಬರುತ್ತೆ," ಎಂದಳು ಮೇಕಪ್‌ನವಳು.

ನಾಳೆ ಶೂಟಿಂಗ್‌ನಲ್ಲಿ ನಾಯಕಿಯ ಗೆಳತಿಗೆ ಹಾಕುವ ರಬ್ಬರ್ ಗಾಯವನ್ನು ಇವತ್ತು ಯಾರದಾದರೂ ಕತ್ತಿನ ಮೇಲೆ ಹಾಕಿ ನೋಡಬೇಕಿತ್ತು. ನನ್ನದಿದೆಯಲ್ಲ ಎಂದು ಕತೆ ಬರೆದವನೇ ಬಂದು ಕೂತಿದ್ದ. ಮುಖವಾಡದ ಕೊಲೆಗಾರ ಒಬ್ಬೊಬ್ಬರನ್ನೇ ಕೊಚ್ಚುವ ಸಿನಿಮಾ ಬರೆಯುವ ಈ ಮಹಾಶಯ ಕಾಗದದ ಮೇಲೆ ಹುಲಿ, ಅವಳೆದುರು ಇಲಿ. ಅವಳ ಬೆರಳು ಕತ್ತಿಗೆ ತಾಗಿದಾಗ ಉಸಿರು ಬಿಗಿಹಿಡಿದ.

"ಸ್ಕ್ರಿಪ್ಟ್ ಓದಿದೆ," ಎಂದಳು, ಬ್ರಷ್ ಅದ್ದುತ್ತಾ. "ದಪ್ಪಗೆ, ಕಪ್ಪಗೆ ಇರೋ ಗೆಳತಿ. ಯಾವಾಗ್ಲೂ ತಿಂತಿರ್ತಾಳೆ. ನಕ್ಕರೆ ಮೂಗಲ್ಲಿ ಗೊರ್ ಅನ್ನುತ್ತೆ, ತಕ್ಷಣ ಅಂಗೈಯಿಂದ ಬಾಯಿ ಮುಚ್ಕೋತಾಳೆ. ನಮ್ಮಮ್ಮ ಓದಿದ್ರೂ ಇದು ನಾನೇ ಅಂತ ಗುರುತು ಹಿಡೀತಿದ್ರು."

ಅವನ ಮುಖ ಬಿಳಿಚಿಕೊಂಡಿತು. ಬಾಯಿದ್ದೂ ಮೂಗನಂತೆ ಕೂರಬೇಕಾಯಿತು.

"ನನ್ನಂಥವಳು ಬಂದ್ರೆ ಮೊದಲು ಸಾಯೋದು ಅವಳೇ. ಕೊನೇವರೆಗೂ ಉಳಿಯೋದು ಬೆಳ್ಳಗೆ ತೆಳ್ಳಗಿರೋಳು. ಎಷ್ಟೋ ಸಿನಿಮಾಗೆ ಆ ಕತ್ತು ನಾನೇ ಕುಯ್ದಿದ್ದೀನಿ, ಹೊಟ್ಟೆಪಾಡು. ಆದ್ರೆ ನೀವು ದಿನಾ ನನ್ನ ಪಕ್ಕ ಬಂದು ಕಾಫಿ ಕುಡೀತಿದ್ದಿದ್ದು ಇದಕ್ಕಾ? ನಾನು ಬೇರೆ ಏನೋ ಅಂದ್ಕೊಂಡಿದ್ದೆ."

ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ಅವನಿಗೆ. ಜನ ಬೆಚ್ಚಿಬೀಳಲು ಮೊದಲೊಂದು ಹೆಣ ಬೇಕಿತ್ತು, ಆದರೆ ಯಾರೂ ಅಳಬಾರದಿತ್ತು. ಅದಕ್ಕೇ ಆ ಗೆಳತಿಗೆ ಮನೆ ಕೊಟ್ಟಿರಲಿಲ್ಲ, ಪ್ರೀತಿಸುವವನನ್ನು ಕೊಟ್ಟಿರಲಿಲ್ಲ. ತನಗೆ ಎಲ್ಲಕ್ಕಿಂತ ಇಷ್ಟವಾದ ನಗುವನ್ನು ಕೊಟ್ಟು, ಸತ್ತರೆ ಯಾರಿಗೂ ನಷ್ಟವಿಲ್ಲದ ಜಾಗದಲ್ಲಿ ನಿಲ್ಲಿಸಿದ್ದ. ಬರೆಯುವಾಗ ಏನೂ ಅನ್ನಿಸಿರಲಿಲ್ಲ. ಈಗ ಚುಚ್ಚುತ್ತಿದ್ದುದು ಅದೇ.

ಅಂಟು ಒಣಗುವವರೆಗೆ ಕಾಯಲಾಗಲಿಲ್ಲ.

"ನಿಮ್ಮ ನಗು ಕೇಳೋಕೇ ಸೆಟ್ಟಿಗೆ ಬೇಗ ಬರ್ತೀನಿ," ಎಂದ. ಗಾಯದ ಅಂಚು ಬಿಟ್ಟುಕೊಂಡಿತು. "ಅದನ್ನೇ ತಮಾಷೆ ಮಾಡ್ಬಿಟ್ಟೆ. ಮುಖ ಎತ್ತೋಕೆ ನಾಚಿಕೆ ಆಗ್ತಿದೆ. ಡೈರೆಕ್ಟರ್ ಕಾಲು ಹಿಡಿದಾದ್ರೂ ಅವಳನ್ನ ಉಳಿಸ್ತೀನಿ."

"ಸಾಯ್ಲಿ ಬೇಕಾದ್ರೆ," ಎಂದಳು. "ಅವಳು ಸತ್ತರೆ ಅಳೋಕೆ ಒಬ್ಬ ಇರ್ಲಿ, ಅಷ್ಟೇ."

"ಇದ್ದಾನೆ," ಎಂದ ತಲೆ ತಗ್ಗಿಸಿ. "ಅವನನ್ನ ಬರೆಯೋ ಧೈರ್ಯ ನನಗಿರ್ಲಿಲ್ಲ."

ಕತ್ತಿನಿಂದ ಜೋತಾಡುತ್ತಿದ್ದ ಗಾಯವನ್ನೂ ಅವನ ಸಪ್ಪೆ ಮೋರೆಯನ್ನೂ ಅವಳು ನೋಡಿದಳು. ಮೂಗು ಗೊರ್ ಎಂದಿತು. ಬಾಯಿಯತ್ತ ಎದ್ದ ಅಂಗೈಯನ್ನು ಅರ್ಧಕ್ಕೇ ಇಳಿಸಿದಳು.

"ಕ್ಷಮಿಸಿದೆ ಅಂದ್ಕೋಬೇಡಿ. ಮೊದ್ಲು ಅವನನ್ನ ಬರೆದು ತೋರಿಸಿ. ಈಗ ನೆಟ್ಟಗೆ ಕೂತ್ಕೊಳ್ಳಿ, ಮತ್ತೆ ಹಾಕ್ಬೇಕು."

ಈ ಸಲ ಅವನು ತುಟಿ ಪಿಟಕ್ಕೆನ್ನಲಿಲ್ಲ. ಅಂಟು ಒಣಗಿದ ಮೇಲೂ ಅವಳ ಬೆರಳು ಅವನ ಕತ್ತಿನ ಮೇಲೇ ಇತ್ತು.