ಒಬ್ಬನೇ ಹಾರುವವನ ಸೀಟು

ಗುರುವಾರ ಬೆಳಿಗ್ಗೆ ಹತ್ತೂವರೆಗೆ ಆ ಹೆಂಗಸು ಠಾಣೆಗೆ ಬಂದಾಗ ಪ್ರಕರಣ ಹೆಚ್ಚುಕಡಿಮೆ ಮುಗಿದಿತ್ತು. ಆಕೆಯ ಗಂಡ ಹಾರಾಟದ ಕ್ಲಬ್ಬಿನಲ್ಲಿ ತರಬೇತುದಾರ. ಭಾನುವಾರ ಬೆಳಿಗ್ಗೆ ಕ್ಲಬ್ಬಿನ ಪುಟ್ಟ ವಿಮಾನ ರನ್‌ವೇ ಆಚೆಯ ಬಯಲಿನಲ್ಲಿ ಮೂತಿ ಜಜ್ಜಿಕೊಂಡು ಬಿದ್ದಿತ್ತು; ಅವರು ಅದರೊಳಗೇ ತೀರಿಕೊಂಡಿದ್ದರು. ಅಸಹಜ ಸಾವೆಂದು ದಾಖಲಿಸಿ, ಪಂಚನಾಮೆ ಮಾಡಿ, ದೇಹವನ್ನು ಮನೆಯವರಿಗೆ ಒಪ್ಪಿಸಿದ್ದೂ ಆಗಿತ್ತು. ಇಂಥ ಕಡತಗಳು ಬೀರುವಿಗೆ ಹೋದರೆ ಸಾಮಾನ್ಯವಾಗಿ ಇಲಿಗಳೇ ಮುಂದಿನ ತನಿಖೆ ಮಾಡುವುದು.

ಆಕೆ ಹೆರಿಗೆ ಆಸ್ಪತ್ರೆಯ ಹಿರಿಯ ನರ್ಸು. ಜೊತೆಗೆ ಮೈದುನನೂ ಬಂದಿದ್ದ. ಕ್ಲಬ್ಬಿನ ಮ್ಯಾನೇಜರ್ ಅವನೇ. ಒಳಗೆ ಬಂದು ಕೂರೆಂದರೂ ಕೂರದೆ ಬಾಗಿಲ ಬಳಿಯೇ ನಿಂತ.

“ಏನು ಕಂಪ್ಲೇಂಟು, ಸಿಸ್ಟರ್?” ಇನ್‌ಸ್ಪೆಕ್ಟರ್ ಕೇಳಿದರು.

“ನಮ್ಮನೆಯವರು ಒಬ್ರೇ ಹಾರಿದ್ರು, ಮುಂದಿನ ಸೀಟಲ್ಲಿ ಕೂತು ಹಾರಿಸಿದ್ರು, ಅದಕ್ಕೇ ಬಿತ್ತು ಅಂತ ಕ್ಲಬ್ಬು ವರದಿ ಕೊಟ್ಟಿದೆ. ಅದು ಸುಳ್ಳು.”

“ಹೇಗೆ ಹೇಳ್ತೀರಿ?”

“ಆ ವಿಮಾನದಲ್ಲಿ ಒಂದರ ಹಿಂದೆ ಒಂದು, ಎರಡೇ ಸೀಟು. ಒಬ್ರೇ ಹಾರೋದಾದ್ರೆ ಹಿಂದೇನೇ ಕೂರ್ಬೇಕು. ಬಂದ ಹುಡುಗರಿಗೆಲ್ಲ ಅವರು ಮೊದಲನೇ ದಿನ ಹೇಳ್ತಿದ್ದ ಪಾಠ ಅದು. ಅವರು ಮುಂದೆ ಕೂತಿದ್ರು ಅಂದ್ರೆ ಹಿಂದೆ ಇನ್ಯಾರೋ ಇದ್ರು.”

“ಅತ್ತಿಗೆ, ಎಷ್ಟು ಸಲ ಹೇಳ್ಲಿ?” ಮೈದುನ ಬಾಗಿಲಿನಿಂದಲೇ ಹೇಳಿದ. “ಅಣ್ಣನಿಗೆ ಸೊಂಟ ನೋವಿತ್ತು. ಹಿಂದಕ್ಕೆ ನುಸುಳೋಕೆ ಆಗಲ್ಲ ಅಂದ. ಬೇಡ ಅಂದೆ, ಕೇಳ್ಲಿಲ್ಲ. ಅವನು ಹೊರಟ ಮೇಲೆ ನಾನು ಮನೆಗೆ ಬಂದೆ.”

“ಸೊಂಟ ನೋವಿದ್ದವರು ಶನಿವಾರ ಗ್ಯಾಸ್ ಸಿಲಿಂಡರ್ ಹೊತ್ಕೊಂಡು ಎರಡು ಮಹಡಿ ಹತ್ತಿದ್ರು,” ಎಂದರು ಆಕೆ, ಅವನ ಕಡೆ ತಿರುಗದೆ. “ಸರ್, ಸತ್ತವರ ಬಾಯಲ್ಲಿ ಮಾತಿಲ್ಲ ಅಂತ ಎಲ್ಲ ಅವರ ತಲೆಗೇ ಕಟ್ತಾರೆ. ನಿನ್ನೆ ಕ್ಲಬ್ಬಲ್ಲಿ ಹುಡುಗರಿಗೆ ‘ಹೀಗೆ ಮಾಡ್ಬೇಡಿ’ ಅಂತ ಇವರ ಹೆಸರು ಹೇಳಿ ಪಾಠ ಮಾಡಿದ್ರಂತೆ. ಹೋದ ಜೀವ ಬರಲ್ಲ, ನನಗೂ ಗೊತ್ತು. ಅವರ ಹೆಸರು ನನಗೆ ವಾಪಸ್ ಬೇಕು.”

ಇನ್‌ಸ್ಪೆಕ್ಟರ್ ದೂರು ಬರೆಸಿಕೊಂಡರು. ಇಬ್ಬರೂ ಹೋದ ಮೇಲೆ ಹೆಡ್ ಕಾನ್‌ಸ್ಟೇಬಲ್ ಬಾಗಿಲು ಎಳೆದ. ಠಾಣೆಯಲ್ಲಿ ಎಲ್ಲರೂ ಅವನನ್ನು ಡುಮ್ಮಣ್ಣ ಎಂದೇ ಕರೆಯುತ್ತಿದ್ದರು; ಅವನ ನಿಜವಾದ ಹೆಸರು ಸಂಬಳದ ದಿನ ಮಾತ್ರ ಬಳಕೆಗೆ ಬರುತ್ತಿತ್ತು.

“ಸೀಟು ಯಾವುದಾದ್ರೇನು ಸರ್? ಹೋದವರು ಹೋದ್ರು.”

“ಬಸ್ಸಿನಲ್ಲಿ ಕಿಟಕಿ ಸೀಟಿಗೆ ನೀನು ಕೈಕೈ ಮಿಲಾಯಿಸ್ತೀಯಲ್ಲ, ಆಗ ಯಾಕೆ ಈ ವೇದಾಂತ ಬರಲ್ಲ? ಜೀಪು ತೆಗಿ.”

ಕ್ಲಬ್ಬೆಂದರೆ ತಗಡಿನ ಮಾಡಿನ ಒಂದು ದೊಡ್ಡ ಶೆಡ್ಡು, ಪಕ್ಕದಲ್ಲಿ ಎರಡು ಕೋಣೆಯ ಕಚೇರಿ. ಒಳಗೆ ಪೆಟ್ರೋಲು, ಬಣ್ಣ, ಹಳೆಯ ರಬ್ಬರಿನ ವಾಸನೆ. ಎದುರುಗೊಂಡವರು ಮುಖ್ಯ ತರಬೇತುದಾರರಾದ ಮೇಡಂ; ಭಾನುವಾರ ಅವರು ಊರಲ್ಲಿರಲಿಲ್ಲ. ಬಿದ್ದ ವಿಮಾನದ್ದೇ ಮಾದರಿಯ ಇನ್ನೊಂದು ಶೆಡ್ಡಿನಲ್ಲಿ ನಿಂತಿತ್ತು. ಇನ್‌ಸ್ಪೆಕ್ಟರ್ ಡುಮ್ಮಣ್ಣನನ್ನು ಅದರ ಮುಂದಿನ ಸೀಟಿಗೆ ಹತ್ತಿಸಿದರು. ಮೊದಲು ಕಾಲು, ಆಮೇಲೆ ಹೊಟ್ಟೆ, ಕೊನೆಗೆ ಉಳಿದದ್ದು ಒಳಗೆ ಹೋಯಿತು.

“ಈಗ ಇವನೊಬ್ಬನೇ ಹಾರಿಸಿದರೆ?”

“ಏಳುತ್ತೆ. ಇಳಿಯೋದು ಕಷ್ಟ,” ಎಂದರು ಮೇಡಂ. “ಎಂಜಿನ್ನಿನ ಭಾರವೆಲ್ಲ ಮುಂದಿದೆ. ಇವರೂ ಮುಂದೆ ಕೂತ್ರೆ ತಕ್ಕಡಿ ಒಂದೇ ಕಡೆ ವಾಲುತ್ತೆ. ಇಳಿಯೋವಾಗ ಮೂತಿ ಎತ್ತೋಕಾಗಲ್ಲ. ಹಿಂದೆ ಒಬ್ಬ ಕೂತ್ರೇನೇ ಸಮ.”

“ಇಬ್ಬರಿದ್ದರೆ?”

“ವಿಮಾನ ಹಿಡಿತದಲ್ಲಿಡೋ ಸ್ಟಿಕ್ಕು ಎರಡೂ ಕಡೆ ಇದೆ, ಯಾರು ಬೇಕಾದ್ರೂ ಹಾರಿಸಬಹುದು. ಆದ್ರೆ ನಮ್ಮ ಕ್ಲಬ್ಬಲ್ಲಿ ಹಾರಿಸೋನು ಹಿಂದೆ. ಕಲಿಸೋನು, ಇಲ್ಲ ಅತಿಥಿ, ಮುಂದೆ.”

“ಅವರು ಒಬ್ಬರೇ ಮುಂದೆ ಕೂತು ಹಾರಿದ್ರು ಅಂತ ನೀವು ನಂಬ್ತೀರಾ?”

ಮೇಡಂ ರೆಕ್ಕೆಯ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದರು. “ನಂಬಲ್ಲ. ಆದ್ರೆ ಒಡಹುಟ್ಟಿದ ತಮ್ಮನೇ ಹೇಳ್ತಿರೋವಾಗ ಮೂರನೆಯವಳು ನಾನೇನು ಹೇಳಲಿ?”

“ಭಾನುವಾರ ಬೇರೆ ಯಾರಿದ್ರು?”

“ರಜೆ. ಶೆಡ್ಡಿನ ಕೀ ಅಣ್ಣತಮ್ಮಂದಿರ ಹತ್ರ ಮಾತ್ರ ಇತ್ತು.”

“ತಮ್ಮ ಹಾರಿಸ್ತಾನಾ?”

“ಒಳ್ಳೇ ಕೈ. ಅಣ್ಣನಿಗಿಂತ ಒಂದು ಗುಲಗಂಜಿ ಹೆಚ್ಚೇ. ಆದ್ರೆ ಎರಡು ವರ್ಷದ ಹಿಂದೆ ಮೂರ್ಛೆ ಬಿತ್ತು. ಡಾಕ್ಟರು ಹಾರಾಟ ನಿಲ್ಲಿಸಿದ್ರು. ಮತ್ತೆ ಬರದೇ ಇದ್ರೆ ಮುಂದಿನ ತಿಂಗಳು ಲೈಸೆನ್ಸು ವಾಪಸ್. ಬಂದ್ರೆ, ಮುಗೀತು, ಜನ್ಮದಲ್ಲಿ ಇಲ್ಲ.”

ಮುರಿದ ವಿಮಾನ ಶೆಡ್ಡಿನ ಹಿಂದೆ ಟಾರ್ಪಾಲಿನ ಕೆಳಗಿತ್ತು. ಠಾಣೆಯ ಮೊಹರು ಹಾಗೇ ಇತ್ತು. ಇಬ್ಬರು ಪಂಚರನ್ನು ಕರೆಸಿ, ಮೊಹರು ಒಡೆದು, ಹೊಸ ಪಂಚನಾಮೆ ಶುರುವಾಯಿತು. ಹಿಂದಿನ ಸೀಟಿನ ಬೆಲ್ಟು ಬಿಚ್ಚಿಕೊಂಡು ಬಾಗಿಲಿನಿಂದ ಹೊರಗೆ ನೇತಾಡುತ್ತಿತ್ತು.

“ಖಾಲಿ ಸೀಟಿನ ಬೆಲ್ಟನ್ನು ನೀವು ಹೀಗೇ ಬಿಡ್ತೀರಾ?”

“ಛೆ, ಇಲ್ಲ. ಬಿಗಿದು ಕಟ್ಟಿಯೇ ಹೊರಡೋದು. ಇಲ್ಲದಿದ್ರೆ ಸ್ಟಿಕ್ಕಿಗೆ ಸುತ್ತಿಕೊಳ್ಳುತ್ತೆ.” ಮೇಡಂ ಭುಜದ ಪಟ್ಟಿಯೊಂದನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದರು. “ಇಲ್ಲಿ ನೋಡಿ.”

ಪಟ್ಟಿಯ ಹೊಲಿಗೆ ಎಳೆದುಕೊಂಡು ಬಾಯಿ ಬಿಟ್ಟಿತ್ತು. ಬಕ್ಕಲ್ಲು ಕಚ್ಚಿದ ಕಡೆ ದಾರ ಉಜ್ಜಿ ಮಿರಮಿರ ಹೊಳೆಯುತ್ತಿತ್ತು. ಮುಂದಿನ ಸೀಟಿನ ಬೆಲ್ಟಿನಲ್ಲೂ ಅದೇ ಗುರುತು. ಇನ್ನೊಂದು ವಿಮಾನದ ಬೆಲ್ಟುಗಳಲ್ಲಿ ಅಂಥದ್ದೇನೂ ಇರಲಿಲ್ಲ.

“ಖಾಲಿ ಸೀಟು ಬೆಲ್ಟನ್ನು ಎಳೆಯಲ್ಲ,” ಎಂದರು ಇನ್‌ಸ್ಪೆಕ್ಟರ್. “ಡುಮ್ಮಣ್ಣ, ಜಪ್ತಿ ಮಾಡು.”

ವಿಮಾನವನ್ನು ಮೊದಲು ಕಂಡದ್ದು ಬೆಳಗಿನ ವಾಕಿಂಗಿಗೆ ಬಂದಿದ್ದ ಇಬ್ಬರು. ಸಂಜೆ ಅವರನ್ನು ಮತ್ತೆ ವಿಚಾರಿಸಿದರು. ತಾವು ಮುಂದಿನ ಬೆಲ್ಟು ಬಿಚ್ಚಿದ್ದು ನಿಜ, ಹಿಂದಿನದನ್ನು ಮುಟ್ಟಿಯೇ ಇಲ್ಲ ಎಂದರು ಇಬ್ಬರೂ. ಶವಪರೀಕ್ಷೆ ಮಾಡಿದ ಡಾಕ್ಟರು ಫೋನಿನಲ್ಲಿ ಇನ್ನೊಂದು ಮಾತು ಹೇಳಿದರು: ಸಾವು ಹೊಟ್ಟೆಯೊಳಗಿನ ರಕ್ತಸ್ರಾವದಿಂದ, ಬಿದ್ದ ಮೇಲೆ ಮುಕ್ಕಾಲು ಗಂಟೆಯಾದರೂ ಜೀವವಿತ್ತು.

ಇನ್‌ಸ್ಪೆಕ್ಟರ್ ಆ ರಾತ್ರಿ ಕಡತವನ್ನು ಮೊದಲಿನಿಂದ ಮತ್ತೆ ಓದಿದರು. ಹಿಂದೆ ಕೂತಿದ್ದವನು ಎದ್ದು, ಬೆಲ್ಟು ಬಿಚ್ಚಿಕೊಂಡು, ಬದುಕಿರುವವನನ್ನು ಬಿಟ್ಟು ನಡೆದುಹೋಗಿದ್ದಾನೆ. ಯಾರಿರಬಹುದೆಂದು ಮನಸ್ಸಿಗೆ ಗೊತ್ತಿತ್ತು. ಆದರೆ ಮನಸ್ಸಿನ ಮಾತನ್ನು ಕೋರ್ಟು ಕೇಳುವುದಿಲ್ಲ.

ಶುಕ್ರವಾರ ಬೆಳಿಗ್ಗೆ ಅವರು ಹೆರಿಗೆ ಆಸ್ಪತ್ರೆಗೆ ಹೋದರು. ಆಕೆ ಕೆಲಸಕ್ಕೆ ಬಂದಿದ್ದರು. ಮನೆಯಲ್ಲಿ ಕೂತರೆ ಗೋಡೆಗಳೇ ಮೈಮೇಲೆ ಬರುತ್ತವೆ ಎಂದರು. ಔಷಧಿ ಕೋಣೆಯಲ್ಲಿ ಇಬ್ಬರೂ ನಿಂತೇ ಮಾತಾಡಿದರು.

“ಸಿಸ್ಟರ್, ನೀವು ಹೇಳಿದ್ದು ಸರಿ. ಹಿಂದೆ ಒಬ್ಬರು ಇದ್ರು. ಬೆಲ್ಟು ಅಷ್ಟು ಜೋರಾಗಿ ಹಿಡಿದಿದೆ ಅಂದ್ರೆ ಅವರ ಭುಜದ ಮೇಲೆ ಗುರುತಿರಲೇಬೇಕು. ಭಾನುವಾರದಿಂದ ಈಚೆಗೆ ನಿಮಗೆ ಗೊತ್ತಿರೋರು ಯಾರಾದ್ರೂ ಭುಜ ನೋವು ಅಂದ್ರಾ?”

ಆಕೆಯ ಕೈ ಔಷಧಿಯ ತಟ್ಟೆಯ ಮೇಲೇ ನಿಂತಿತು. ಪಕ್ಕದ ವಾರ್ಡಿನಲ್ಲಿ ಒಂದು ಕೂಸು ಅಳತೊಡಗಿ, ಸುಮ್ಮನಾಗಿ, ಮತ್ತೆ ಅತ್ತಿತು. ಇನ್‌ಸ್ಪೆಕ್ಟರ್ ಅವಸರ ಮಾಡಲಿಲ್ಲ. ಆಕೆಗೆ ಎಲ್ಲ ಹೊಳೆದಿದೆ ಎನ್ನುವುದು ಅವರಿಗೆ ಕಾಣುತ್ತಿತ್ತು. ‘ಇಲ್ಲ’ ಎಂದು ಒಂದು ಮಾತು ಹೇಳಿದ್ದರೆ ಮನೆಯಲ್ಲಿ ಉಳಿದ ಒಬ್ಬನಾದರೂ ಉಳಿಯುತ್ತಿದ್ದ.

“ನಾನು ಮದುವೆಯಾಗಿ ಬಂದಾಗ ಅವನಿಗೆ ಹನ್ನೊಂದು ವರ್ಷ,” ಎಂದರು ಆಕೆ. “ತಾಯಿ ಇರ್ಲಿಲ್ಲ. ನನ್ನ ಕೈ ತುತ್ತು ತಿಂದೇ ಬೆಳೆದ.”

“ಗೊತ್ತು.”

“ಭಾನುವಾರ ಮಧ್ಯಾಹ್ನ ಇವರ ದೇಹ ಇನ್ನೂ ಬಂದಿರ್ಲಿಲ್ಲ. ಅವನು ಕೈ ಎತ್ತೋಕಾಗ್ದೆ ಕೂತಿದ್ದ. ಬೈಕಿಂದ ಬಿದ್ದೆ ಅಂದ. ಮುಲಾಮು ಹಚ್ಚಿದ್ದು ನಾನೇ.”

“ಒಂದು ಭುಜಕ್ಕಾ?”

“ಎರಡಕ್ಕೂ. ಪಟ್ಟಿ ಎಳೆದ ಹಾಗೆ ಕೆಂಪಗಿತ್ತು. ಬೈಕಿಂದ ಬಿದ್ದವರಿಗೆ ಹಾಗಾಗಲ್ಲ. ನನ್ನ ಕೈಗೆ ಅವತ್ತೇ ಗೊತ್ತಾಗಿತ್ತು ಸರ್. ತಲೆ ನೆಟ್ಟಗಿರ್ಲಿಲ್ಲ.” ಆಕೆ ಸೆರಗಿನಿಂದ ಬಾಯಿ ಒತ್ತಿಕೊಂಡರು. “ಎಲ್ಲಿ ಸಹಿ ಹಾಕ್ಬೇಕು ಹೇಳಿ. ಈಗ್ಲೇ ಹಾಕಿಸ್ಕೊಳ್ಳಿ, ಮತ್ತೆ ನಾನು ನಾನಾಗಿರ್ತೀನೋ ಇಲ್ವೋ.”

ಹನ್ನೊಂದೂವರೆಗೆ ನಿರ್ಲಕ್ಷ್ಯದಿಂದ ಸಾವು, ಸುಳ್ಳು ಮಾಹಿತಿ ಎಂದು ಎಫ್ಐಆರ್ ದಾಖಲಾಯಿತು. ಮಧ್ಯಾಹ್ನ ಎರಡಕ್ಕೆ ಮೈದುನ ಠಾಣೆಯಲ್ಲಿದ್ದ. ಸೆಕೆಯಲ್ಲೂ ತುಂಬುತೋಳಿನ ಷರ್ಟು, ಮೇಲಿನ ಗುಂಡಿ ಹಾಕಿತ್ತು.

“ಭಾನುವಾರ ಅಣ್ಣ ಹೊರಟಾಗ ಎಷ್ಟು ಗಂಟೆ?”

“ಆರೂಕಾಲು.”

“ನೀವು ಮನೆಗೆ?”

“ಆಗಲೇ.”

“ಎದುರು ಮನೆಯವರು ನಿಮ್ಮ ಬೈಕು ಬಂದಿದ್ದು ಏಳೂಕಾಲಿಗೆ ಅಂತಾರೆ. ದಾರಿ ಹತ್ತು ನಿಮಿಷದ್ದು.”

“ಪೆಟ್ರೋಲ್ ಹಾಕಿಸ್ದೆ.”

“ಒಂದು ಗಂಟೇನಾ? ಟ್ಯಾಂಕರಾ ಅದು?”

ಮೈದುನ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡ.

“ಹಿಂದೆ ಕೂತವನ ಭುಜದ ಮೇಲೆ ಬೆಲ್ಟಿನ ಬರೆ ಇರುತ್ತೆ. ಡಾಕ್ಟರನ್ನ ಕರೆಸಿದೀನಿ.”

ಮೈದುನನ ಕೈ ತಾನಾಗಿ ಕಾಲರಿನ ಹತ್ತಿರ ಹೋಯಿತು. ಮೂಲೆಯಲ್ಲಿದ್ದ ಡುಮ್ಮಣ್ಣ, “ಕುಂಬಳಕಾಯಿ ಕಳ್ಳ ಅಂದ್ರೆ...” ಎಂದು ಶುರು ಮಾಡಿದ. ಇನ್‌ಸ್ಪೆಕ್ಟರ್ ಒಂದು ನೋಟ ನೋಡಿದರು. ಗಾದೆ ಅರ್ಧಕ್ಕೇ ನಿಂತಿತು.

“ಷರ್ಟು ಬಿಚ್ತೀರೋ, ಮಾತಾಡ್ತೀರೋ?”

ಅವನು ಮೊದಲು ಒಂದು ಗುಂಡಿ ಬಿಚ್ಚಿದ. ಆಮೇಲೆ ಮಾತಾಡಿದ.

“ಅಣ್ಣನೇ ಕರೆದ. ಮುಂದಿನ ತಿಂಗಳು ಹೇಗೂ ಹಾರ್ತೀಯ, ಕೈ ತುಕ್ಕು ಹಿಡಿದಿದ್ಯಾ ನೋಡೋಣ ಬಾ ಅಂದ. ನಾನು ಮುಂದೆ ಕೂರೋಕೆ ಹೋದೆ. ತೋಳು ಹಿಡಿದು ನಿಲ್ಲಿಸಿದ. ಅತಿಥಿ ಹಾಗೆ ಕೂರ್ತೀಯಾ, ನೀನು ಪೈಲಟ್ಟು ಕಣೋ, ಹಿಂದೆ ಹೋಗು ಅಂತ ತಾನೇ ಮುಂದೆ ಹತ್ತಿದ. ಚೆನ್ನಾಗೇ ಹಾರಿಸ್ದೆ ಸರ್. ಅಣ್ಣ ಮುಂದಿಂದ ಹಾಡು ಹೇಳ್ತಿದ್ದ. ಇಳಿಯೋ ಹೊತ್ತಿಗೆ ಕಣ್ಣು ಕತ್ತಲೆ ಬಂತು. ಎಚ್ಚರ ಆದಾಗ ನೆಲದ ಮೇಲಿದ್ವಿ. ನನ್ನ ಕೈ ಸ್ಟಿಕ್ಕಿನ ಮೇಲೆ ಸೆಟೆದು ನಿಂತಿತ್ತಂತೆ. ಅಣ್ಣ ಎಳೆದಿದಾನೆ, ಆಗಿಲ್ಲ.”

“ಆಮೇಲೆ?”

“ಮೂರ್ಛೆ ಬಂತಾ ಅಂತ ಕೇಳ್ದ. ಹೂಂ ಅಂದೆ. ನೀನು ಹೋಗು, ಯಾರಿಗೂ ಹೇಳ್ಬೇಡ, ನಾನೊಬ್ಬನೇ ಇದ್ದೆ ಅಂತೀನಿ, ಕಾಲೊಂದು ಮುರಿದಿರ್ಬೇಕು ಅಷ್ಟೇ ಅಂದ.”

“ಜೇಬಲ್ಲಿ ಫೋನಿತ್ತಲ್ಲ?”

“ಇತ್ತು.” ಅವನು ತಲೆ ತಗ್ಗಿಸಿದ. “ಫೋನ್ ಮಾಡಿದ್ರೆ ನಾನಲ್ಲಿದ್ದೆ ಅಂತ ಗೊತ್ತಾಗ್ತಿತ್ತು. ಯಾರಾದ್ರೂ ಈಗ ಬರ್ತಾರೆ, ಈಗ ಬರ್ತಾರೆ ಅಂತ ಬೇಲಿ ಹತ್ರ ನಿಂತಿದ್ದೆ. ಯಾರೂ ಬರ್ಲಿಲ್ಲ. ಹೊರಟುಬಿಟ್ಟೆ.”

ಡಾಕ್ಟರು ಬಂದು ನೋಡಿದರು. ಎರಡೂ ಭುಜದ ಮೇಲೆ ಹಳದಿಗೆ ತಿರುಗಿದ ಎರಡು ಅಗಲ ಪಟ್ಟಿ. ನಾಲ್ಕೂ ಹತ್ತಕ್ಕೆ ಬಂಧನ.

ಮನೆಯವರಿಗೆ ತಿಳಿಸಬೇಕು. ಮನೆಯವರೆಂದರೆ ಆಕೆಯೇ. ಆಸ್ಪತ್ರೆಯ ಬಟ್ಟೆಯಲ್ಲೇ ಬಂದು ಅವನ ಎದುರು ನಿಂತರು.

“ಅತ್ತಿಗೆ, ಅಣ್ಣನೇ ಹೋಗು ಅಂದ.”

“ಮಾತಾಡ್ತಿದ್ರಾ?”

“ಹೂಂ.”

“ಚೆನ್ನಾಗಿ ಮಾತಾಡ್ತಿದ್ರಾ? ನಿನ್ನ ಗುರುತು ಹಿಡಿದು?”

“ಹೂಂ, ಅತ್ತಿಗೆ.”

“ಮಾತಾಡೋ ಸ್ಥಿತೀಲಿ ಬಂದೋರನ್ನ ನಾವು ಎಷ್ಟೋ ಜನರನ್ನ ಉಳಿಸಿದೀವಿ ಕಣೋ.” ಆಕೆಯ ದನಿ ಏರಲಿಲ್ಲ. “ಹೋಗು ಅಂತ ಅವರು ಅಂತಾರೆ. ನಿನ್ನ ವಿಷಯ ಬಂದ್ರೆ ಅವರಿಗೆ ಬುದ್ಧಿ ಇರ್ತಿರ್ಲಿಲ್ಲ. ನೀನು ಹೋಗಬಾರದಿತ್ತು.”

ಅವನನ್ನು ಒಳಗೆ ಕರೆದೊಯ್ದರು. ಅವನಿಗೆ ಅಣ್ಣನ ಮೇಲೆ ದ್ವೇಷವಿರಲಿಲ್ಲ, ಆಸ್ತಿಯ ಜಗಳವಿರಲಿಲ್ಲ. ಮತ್ತೆ ಹಾರಬೇಕಿತ್ತು, ಅಷ್ಟೇ. ಇಪ್ಪತ್ತೆಂಟು ವರ್ಷ ಅಪರಾಧಿಗಳನ್ನು ಕಂಡ ಇನ್‌ಸ್ಪೆಕ್ಟರಿಗೂ ಅವನ ಮೇಲೆ ಸಿಟ್ಟು ಮಾಡಿಕೊಳ್ಳುವುದೋ ಮರುಗುವುದೋ ತಿಳಿಯಲಿಲ್ಲ.

“ಸಿಸ್ಟರ್, ಕ್ಲಬ್ಬಿನ ವರದಿ ತಿದ್ದಿಸ್ತೀನಿ,” ಎಂದರು. “ಆದ್ರೆ ಒಂದು ಮಾತು. ಹಾರೋ ಹಾಗಿಲ್ಲದವನಿಗೆ ಹಿಂದಿನ ಸೀಟು ಕೊಟ್ಟಿದ್ದು ನಿಮ್ಮ ಯಜಮಾನರೇ. ಅದೂ ತಪ್ಪೇ. ನಾನು ಅದನ್ನ ಬರೀಲೇಬೇಕಾಗುತ್ತೆ.”

ಆಕೆ ಮೇಜಿನ ಮೇಲಿದ್ದ ಪೆನ್ನನ್ನು ಅವರ ಕಡೆ ಸರಿಸಿದರು.

“ಬರೀರಿ,” ಎಂದರು. “ಆ ತಪ್ಪು ಅವರದೇ. ಗೊತ್ತಿಲ್ಲದೆ ಮುಂದೆ ಕೂತ್ರು ಅಂತ ಮಾತ್ರ ಬರೀಬೇಡಿ. ಗೊತ್ತಿದ್ದೇ ತಮ್ಮನಿಗೆ ಸೀಟು ಬಿಟ್ಟುಕೊಟ್ರು ಅಂತ ಬರೀರಿ.”