ಮಲ್ಲಂದೂರಿಗೆ ಹೊರಟಿದ್ದ ಚಿಪ್

ಮೀಟರಿನ ಹಿಂಬದಿಯ ಮುಚ್ಚಳ ಮೇಜಿನ ಮೇಲೆ ಬಿಚ್ಚಿಕೊಂಡಿತ್ತು. ಪಕ್ಕದಲ್ಲಿ ಸ್ಕ್ರೂಗಳು. ಚಿಪ್ ಕೂರಬೇಕಾದ ಜಾಗ ಖಾಲಿ.

ಮೇಘಶ್ರೀ ಕೂಗಾಡಲಿಲ್ಲ. ನಿವೃತ್ತ ಇನ್‌ಸ್ಪೆಕ್ಟರ್ ಲಕ್ಕಯ್ಯನವರಿಗೆ ಫೋನ್ ಮಾಡಿದಳು.

ಆಲ್ದೂರಿನ ಆ ಶೆಡ್ಡಿಗೂ ಒಂದು ಕಾಲವಿತ್ತು. ಒಣಗಿದ ಕಾಫಿಯಲ್ಲಿ ಇನ್ನೆಷ್ಟು ಶೇಕಡಾ ತೇವ ಉಳಿದಿದೆ ಎಂದು ಅಳೆಯುವ ಮೀಟರು, ಅದರೊಳಗಿನ ಚಿಪ್ — ಎರಡನ್ನೂ ಅವಳ ಮಾವ ಗುರುವಯ್ಯನವರೇ ತಯಾರಿಸುತ್ತಿದ್ದರು. ಮೂಡಿಗೆರೆಯಿಂದ ಕಳಸದವರೆಗೆ ಅವರ ಮೀಟರಿಲ್ಲದ ಎಸ್ಟೇಟಿರಲಿಲ್ಲ. ಬೆಂಗಳೂರಿನ ಮೀಟರು ಬಂದದ್ದೇ ತಡ, ಎಲ್ಲವೂ ಅಟ್ಟ ಸೇರಿದವು.

2001ರ ಕೊಯ್ಲಿನ ಹೊತ್ತಿಗೆ ಸೊಸೆ ಹೊಸ ಚಿಪ್ ಮಾಡಿದ್ದಳು. ಹಳೇ ಮೀಟರಿನಲ್ಲೇ ಕೂರುವಂಥದ್ದು. ಇಂದು ಮಧ್ಯಾಹ್ನ ಮಲ್ಲಂದೂರಿನಲ್ಲಿ ಬೆಳೆಗಾರರ ಸಭೆ. ಅವರು ಮೆಚ್ಚಿದರೆ ಕಂಪನಿ ಉಳಿಯಿತು. ಇಲ್ಲವಾದರೆ ಶೆಡ್ಡಿಗೆ ಬೀಗ.

"ಇದರ ಪ್ರತಿ ಇಲ್ವಾ?" ಶೆಡ್ಡಿಗೆ ಬಂದ ಲಕ್ಕಯ್ಯ ಕೇಳಿದರು.

"ಫ್ಲಾಪಿಗೆಲ್ಲ ಮಳೆಗಾಲದಲ್ಲಿ ಬೂಷ್ಟು ಹಿಡೀತು ಸರ್. ಇದ್ದದ್ದು ಇದೊಂದೇ."

"ಬಾಗಿಲಿನ ಬೀಗ?"

"ಸರಿಯಾಗೇ ಇದೆ. ಕೀಲಿ ಇರೋದು ಮನೆಯವರ ಹತ್ರ ಮಾತ್ರ. ನಿನ್ನೆ ಸಂಜೆ ರಂಗನಾಥ್ ಬಂದು ಹೋದ್ರು."

ಲಕ್ಕಯ್ಯ ಕುರ್ಚಿಗೊರಗಿ, ಕಾವ್ಯವಾಚನ ಕೇಳುವವರಂತೆ ಅರೆಗಣ್ಣು ಮುಚ್ಚಿದರು. ಮೊದಲು ಬಂದವನು ಅನಿಲ್, ಮೇಘಶ್ರೀಯ ಗಂಡ.

"ಹೆಂಡತಿ ಮೇಲೆ ಹೊಟ್ಟೆಕಿಚ್ಚಾ?"

"ಇದೆ ಸರ್. ಮೊದ್ಲು ಗುರುವಯ್ಯನ ಮಗ ಅಂತಿದ್ರು. ಈಗ ಮೇಘಶ್ರೀ ಗಂಡ. ನನ್ನ ಹೆಸರು ಯಾರಿಗೂ ಬೇಕಾಗಿಲ್ಲ."

"ಚಿಪ್ ತೆಗೆದ್ರಾ?"

"ತೆಗೆಯೋಕೆ ಬರ್ತಿದ್ರೆ ಮಾಡೋಕೂ ಬರ್ತಿತ್ತು. ನನಗೆ ಎರಡೂ ಬರಲ್ಲ."

ರಂಗನಾಥ ಮೊದಲು ಇದೇ ಶೆಡ್ಡಿನಲ್ಲಿದ್ದವನು. ಈಗ ಬೆಂಗಳೂರು ಕಂಪನಿಯ ಏಜೆಂಟ್. ತನ್ನ ಮೀಟರನ್ನು ಕಂಕುಳಲ್ಲಿಟ್ಟುಕೊಂಡೇ ಬಂದ.

"ನಿನ್ನೆ ಯಾಕೆ ಬಂದಿದ್ರಿ?"

"ನೋಡೋಕೆ. ಹೊಟ್ಟೆ ಉರ್ಕೊಳ್ಳೋಕೆ ಅಂತ್ಲೇ ಇಟ್ಕೊಳ್ಳಿ. ನಾನು ಬಿಟ್ಟುಹೋದ ಕಂಪನಿ ಮತ್ತೆ ಏಳ್ತದೆ ಅಂದ್ರೆ ನಿದ್ದೆ ಬರತ್ತಾ ಮಾರಾಯ್ರೇ?"

"ಈಗ ಸಭೆಯಲ್ಲಿ ನಿಮ್ಮ ಮೀಟರ್ ಒಂದೇ."

"ಒಂದೇ ಯಾಕೆ?" ಒಳಗಿನಿಂದ ಗುರುವಯ್ಯನವರು ಬಂದರು. ಕೈಯಲ್ಲಿ ತಮ್ಮ ಸ್ವಂತದ ಹಳೇ ಮೀಟರು. "ಅವಳದ್ದು ಹೋದ್ರೆ ಹೋಗ್ಲಿ. ನನ್ನದಿಲ್ವಾ?"

ಮಾದರಿಗೆಂದು ತಂದಿಟ್ಟ, ಹಣ್ಣಿನ ಸಿಪ್ಪೆ ಸುಲಿದ ಪಾರ್ಚ್‌ಮೆಂಟ್ ಕಾಫಿಯನ್ನು ಒಂದು ಹಿಡಿ ಸುರಿದರು.

"ಹತ್ತು," ಎಂದರು.

"ಅಂದ್ರೆ ಹನ್ನೊಂದು. ಇನ್ನೂ ಬಿಸಿಲು ಕಾಣ್ಬೇಕು," ಎಂದ ರಂಗನಾಥ.

"ನಿನ್ನದಕ್ಕೆ ಹಾಕು, ನೋಡುವ."

ರಂಗನಾಥನ ಮೀಟರೂ ಹತ್ತನ್ನೇ ತೋರಿಸಿತು.

"ಈಗ ಹೇಳು, ನನ್ನದೇನು ಕಮ್ಮಿ?" ಗುರುವಯ್ಯನವರ ಮುಖ ಅರಳಿತು. ರಂಗನಾಥ ಪೆಚ್ಚಾಗಿ ನಕ್ಕ.

ಲಕ್ಕಯ್ಯ ನಗಲಿಲ್ಲ. ಕಣ್ಣು ತೆರೆದರು.

"ಸ್ಕ್ರೂಡ್ರೈವರ್ ಕೊಡಮ್ಮ."

"ಯಾವುದಕ್ಕೆ ಸರ್?"

"ಮಾವನವರ ಮೀಟರಿಗೆ."

ಮೇಘಶ್ರೀ ಸ್ಕ್ರೂಡ್ರೈವರ್ ಎತ್ತಿಕೊಂಡಳು; ಲಕ್ಕಯ್ಯ ರಂಗನಾಥನ ಕಡೆ ತಿರುಗಿದರು.

"ರಂಗನಾಥ್, ಹತ್ತು ಅಂದಕೂಡ್ಲೇ ಹನ್ನೊಂದು ಅಂದ್ರಲ್ಲ, ಯಾಕೆ?"

"ಅದು... ಅಭ್ಯಾಸ. ಇವರ ಮೀಟರ್ ಯಾವತ್ತೂ ಒಂದು ಕಮ್ಮಿ ತೋರಿಸ್ತದೆ. ಇಡೀ ತಾಲ್ಲೂಕು ಒಂದು ಕೂಡಿಸಿಯೇ ಓದೋದು."

"ನಿಮ್ಮದೂ ಹತ್ತು ತೋರಿಸಿತು. ಅಲ್ಲಿಗೆ ಕಾಫಿ ಹತ್ತೇ. ಹಳೇ ಮೀಟರ್ ಒಂಬತ್ತು ಹೇಳ್ಬೇಕಿತ್ತು. ಈ ಬೆಳಿಗ್ಗೆ ಅದಕ್ಕೆ ಸರಿ ಹೇಳೋಕೆ ಬಂದದ್ದು ಹೇಗೆ? ಒಳಗೆ ಕೂತಿರೋದು ಯಾರ ಚಿಪ್, ಗುರುವಯ್ಯನವರೇ?"

ಗುರುವಯ್ಯನವರು ಮೀಟರನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತರು.

"ರಿಪೇರಿ ಮಾಡ್ದೆ ಅಂತ ಹೇಳ್ತಿದ್ದೆ," ಎಂದರು ಮೆಲ್ಲಗೆ. "ಆ ಸಭೆಯಲ್ಲಿ ಒಂದೇ ಒಂದು ಸಲ ನನ್ನ ಮೀಟರ್ ಸರಿ ಹೇಳಿತು ಅನ್ನಿಸ್ಕೋಬೇಕಿತ್ತು. ನನ್ನ ಎದುರಿಗೇ ಒಂದು ಕೂಡಿಸಿ ಓದ್ತಿದ್ರು ಲಕ್ಕಯ್ಯ. ಆ ಒಂದು ಯಾಕೆ ತಪ್ತದೆ ಅಂತ ನನಗೆ ಕಡೆಗೂ ಗೊತ್ತಾಗ್ಲಿಲ್ಲ. ನಿನ್ನೆ ಮೊನ್ನೆ ಬಂದವಳಿಗೆ ಗೊತ್ತಾಯ್ತು."

ಮೇಘಶ್ರೀ ಸ್ಕ್ರೂಡ್ರೈವರನ್ನು ಕೆಳಗಿಟ್ಟಳು.

"ಬಿಚ್ಚೋದು ಬೇಡ ಸರ್, ಅಲ್ಲೇ ಇರ್ಲಿ." ಮಾವನ ಕಡೆ ತಿರುಗಿದಳು. "ಮೀಟರ್ ನೀವೇ ಹಿಡ್ಕೊಂಡು ಬನ್ನಿ. ಅದು ನಿಮ್ಮದೇ. ಚಿಪ್ ಯಾರದು ಅಂತ ಸಭೆಯಲ್ಲಿ ನಾನೇ ಹೇಳ್ತೀನಿ."

"ನಾನು ಅಲ್ಲೇ ಕೂತಿರ್ಬೇಕಾ?"

"ಹೌದು ಮಾವ."

ಜೀಪು ಬಂತು. ಮುಂದಿನ ಸೀಟು ಎಂದಿನಿಂದಲೂ ಗುರುವಯ್ಯನವರದು. ಅವರು ಮೀಟರನ್ನು ಎದೆಗವಚಿಕೊಂಡು ಹಿಂದೆ ಹತ್ತಿ ಕೂತರು.